ಬರೀ ಎಲೆಯ ಪುಡಿ

ಅಂಜನಮ್ಮನವರ ಎರಡೂ ಕಣ್ಣು ಊದಿ ಮುಚ್ಚಿಹೋಗಿವೆ ಎಂಬ ಸುದ್ದಿ ಬಂದಾಗ ಜಗದಾಂಬಾ ಒಲೆಯ ಮುಂದೆ ನಿಂತು ಮೆಂತ್ಯ ಹುರಿಯುತ್ತಿದ್ದಳು. ಸುದ್ದಿ ತಂದವನು ಅವರ ಮಗ ವೆಂಕಟೇಶ್. ಪಕ್ಕದ ಮನೆಯವನೇ ಆದರೂ ಒಳಗೆ ಬರದೆ ಬಾಗಿಲಲ್ಲೇ ನಿಂತು ಹೇಳಿದ.

"ಆಂಟಿ, ಅಮ್ಮನ್ನ ನಿನ್ನೆ ಸಂಜೆ ಅಡ್ಮಿಟ್ ಮಾಡಿದ್ವಿ. ಮುಖ ಗುರುತೇ ಸಿಗಲ್ಲ, ಅಷ್ಟು ಊದ್ಕೊಂಡಿದೆ. ತಲೆಯಿಂದ ನೀರು ಸೋರ್ತಿದೆ. ಬಿಪಿ ಮಾತ್ರೆ ಆಗ್ದೇ ಹೀಗಾಗಿರಬಹುದು ಅಂತಿದಾರೆ ಡಾಕ್ಟ್ರು. ಮಾತ್ರೆ ಚೀಟಿ ನಿಮ್ಮತ್ರ ಇದೆಯಂತಲ್ಲ?"

ಇತ್ತು. ಅಂಜನಮ್ಮನವರ ಚೀಟಿಗಳೆಲ್ಲ ಜಗದಾಂಬಾಳ ಮನೆಯಲ್ಲೇ ಇರುತ್ತಿದ್ದವು. ಕೆಂಗೇರಿ ಉಪನಗರದ ಆ ಅಡ್ಡರಸ್ತೆಯ ಹೆಂಗಸರಿಗೆ ಇಂಗ್ಲಿಷಿನಲ್ಲಿ ಏನೇ ಬರೆದಿದ್ದರೂ ಓದಿ ಹೇಳುವವಳು ಅವಳೇ. ದಾವಣಗೆರೆಯಲ್ಲಿ ಒಂದು ವರ್ಷ ಬಿ.ಎಸ್ಸಿ. ಓದಿದ್ದಳು. ಮದುವೆಯಾಗಿ ಓದು ಅಲ್ಲಿಗೇ ನಿಂತರೂ ಆ ಒಂದು ವರ್ಷವನ್ನು ಅವಳು ಇಪ್ಪತ್ತೈದು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದಳು. ಬಿಸ್ಕತ್ತಿನ ಪೊಟ್ಟಣದಿಂದ ಹಿಡಿದು ಗುಳಿಗೆಯ ತನಕ ತಿರುಗಿಸಿ ನೋಡಿ, ಇದು ತಿನ್ನಿ, ಇದು ಬೇಡ ಎಂದು ತೀರ್ಪು ಕೊಡುವುದರಲ್ಲಿ ಅವಳಿಗೊಂದು ಸಣ್ಣ ಜಂಬವೂ ಇತ್ತು.

"ತಲೆಗೆ ಏನಾದ್ರೂ ಹಚ್ಕೊಂಡಿದ್ರಾ?" ಎಂದು ಕೇಳಿದಳು.

"ನಿಮ್ಮ ಪುಡಿ ಅಷ್ಟೇ. ಡಾಕ್ಟ್ರೂ ಅದನ್ನೇ ಕೇಳಿದ್ರು. ಅಮ್ಮ ಬಿಡ್ತಾರಾ? ಅದು ಬರೀ ಎಲೆ, ಅದರ ಸುದ್ದಿಗೆ ಹೋಗ್ಬೇಡಿ ಅಂತ ಅವ್ರಿಗೇ ಗದರಿದ್ರು."

ವೆಂಕಟೇಶ್ ಸ್ವಲ್ಪ ನಕ್ಕ. ಚೀಟಿಯನ್ನು ತಾನೇ ತರುತ್ತೇನೆಂದು ಜಗದಾಂಬಾ ಅವನನ್ನು ಕಳಿಸಿದಳು. ಬಾಣಲೆಯಲ್ಲಿ ಮೆಂತ್ಯ ಸೀದುಹೋಗಿತ್ತು.

ಪುಡಿಯ ಕಥೆ ಶುರುವಾದದ್ದು ಮಗಳು ವಚನಾಳ ಗುಂಗುರು ಕೂದಲಿನಿಂದ. ಅದನ್ನು ನೇರ ಮಾಡಿಸುವುದಿಲ್ಲ, ಹುಟ್ಟಿದ ಹಾಗೆಯೇ ಬಿಡುತ್ತೇನೆ ಎಂದು ಹಟ ಹಿಡಿದ ಹುಡುಗಿ ಅಂಗಡಿಯ ಶಾಂಪೂ ಬಾಟಲಿಗಳ ಬೆನ್ನು ಓದಲು ಕಲಿತಳು. ಯಾವುದು ಕೂದಲನ್ನು ಒಣಗಿಸುತ್ತದೆ, ಯಾವುದು ಮೇಲೆ ಮೇಲೆ ಹೊಳಪು ಬಳಿಯುತ್ತದೆ ಎಂದು ತಾಯಿಗೂ ಹೇಳಿಕೊಟ್ಟಳು. ಕೊನೆಗೆ ಇಬ್ಬರೂ ಸೇರಿ ಮದರಂಗಿ, ನೆಲ್ಲಿಚಟ್ಟು, ಗರುಗದ ಸೊಪ್ಪು, ಮೆಂತ್ಯ ಕುಟ್ಟಿ ಮನೆಯಲ್ಲೇ ಪುಡಿ ಮಾಡಿದರು. ಬೀದಿಯವರು ಕೇಳಿದರು, ಆಮೇಲೆ ಬೀದಿಯಾಚೆಯವರು. ಒಳಗೆ ಏನೇನಿದೆ ಎಂದು ಬರೆಯದೆ ಕೊಡಕೂಡದು ಎಂದು ವಚನಾ ಪಟ್ಟು ಹಿಡಿದು, ಜೆರಾಕ್ಸ್ ಅಂಗಡಿಯಲ್ಲಿ ಚೀಟಿ ಅಚ್ಚು ಹಾಕಿಸಿ ಡಬ್ಬಿಗಳಿಗೆ ಅಂಟಿಸಿದಳು. ಅದರಲ್ಲಿ ಇದ್ದದ್ದು ನಾಲ್ಕೇ ಹೆಸರು.

ಆದರೆ ನರೆತ ಕೂದಲು ಮದರಂಗಿಗೆ ಕೆಂಪಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ. "ಕಪ್ಪು ಬರಲ್ವೇನ್ರೀ?" ಎಂದು ಕೇಳಿದವರೇ ಎಲ್ಲ. ಪೇಟೆಯ ಗ್ರಂಥಿಗೆ ಅಂಗಡಿಯವನ ಮುಂದೆ ಜಗದಾಂಬಾ ಇದನ್ನು ಹೇಳಿಕೊಂಡಾಗ ಅವನು ಬೆಳ್ಳಿ ಬಣ್ಣದ ದೊಡ್ಡ ಪೊಟ್ಟಣವೊಂದನ್ನು ಮುಂದಿಟ್ಟ. "ಕರಿ ಮದರಂಗಿ ಅಮ್ಮಾ. ಇದೂ ಎಲೇನೇ. ಒಂದು ಹಿಡಿ ಬೆರ್ಸಿ ನೋಡಿ." ಅರಿಶಿನ, ವಿಭೂತಿ, ಪೂಜೆಯ ಬೇರುನಾರು ಮಾರುವ ಅಂಗಡಿ. ಅಲ್ಲಿ ವಿಷ ಸಿಗುತ್ತದೆಂದು ಯಾರು ಎಣಿಸುತ್ತಾರೆ? ಮನೆಗೆ ಬಂದವಳು ಪೊಟ್ಟಣದ ಮೂಲೆ ಕತ್ತರಿಸಿ, ಪುಡಿಯನ್ನು ಸ್ಟೀಲ್ ಡಬ್ಬಿಗೆ ಸುರಿದು, ಕವರನ್ನು ಕಸಕ್ಕೆ ಹಾಕಿದಳು. ಅವಳ ಅಡುಗೆಮನೆಯಲ್ಲಿ ಯಾವ ಪದಾರ್ಥವೂ ಕವರಿನಲ್ಲಿ ಉಳಿದದ್ದಿಲ್ಲ.

ಕವರಿನ ಹಿಂದೆ ಸಣ್ಣ ಅಕ್ಷರಗಳಿದ್ದವು. ಅವಳು ಕಂಡಿದ್ದಳು. ಕಂಡವರ ಪೊಟ್ಟಣಗಳನ್ನೆಲ್ಲ ಓದುವ ಹೆಂಗಸು ಅವತ್ತು ಕನ್ನಡಕ ಹಾಕಿಕೊಳ್ಳಲಿಲ್ಲ. ಓದಿದರೆ ಗೊತ್ತಾಗುತ್ತದೆ, ಗೊತ್ತಾದರೆ ಬೆರೆಸುವ ಹಾಗಿಲ್ಲ. ಇಷ್ಟು ಲೆಕ್ಕಾಚಾರ ಮನಸ್ಸಿನ ಮೂಲೆಯಲ್ಲಿ ನಡೆದೇ ನಡೆಯಿತು, ಅದನ್ನು ಅವಳು ತನಗೆ ತಾನೇ ಹೇಳಿಕೊಳ್ಳಲಿಲ್ಲ ಅಷ್ಟೆ. ಕೂದಲು ಕಾಡಿಗೆಯಂತೆ ಕಪ್ಪಾಯಿತು. ಎಲ್ಲರೂ ಹೊಗಳಿದರು. ಮಗಳಿಗೂ ಹೇಳಲಿಲ್ಲ.

ಅಂಜನಮ್ಮ ಮಾತ್ರ ಬಹಳ ದಿನ ದೂರವೇ ಇದ್ದರು. ಐದು ವರ್ಷದ ಕೆಳಗೆ ಡೈ ಹಚ್ಚಿಕೊಂಡು ಮುಖ ಊದಿಸಿಕೊಂಡವರು. ಇನ್ನೊಮ್ಮೆ ಮುಟ್ಟಿದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಹೆದರಿಸಿದ್ದರು. ಈಗ ವೆಂಕಟೇಶನ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಹೋದ ಶುಕ್ರವಾರ ಪುಡಿಯ ಡಬ್ಬಿ ಕೈಯಲ್ಲಿ ಹಿಡಿದು ಕೇಳಿದರು.

"ಡೈ ಗಿಯ್ ಏನೂ ಇಲ್ವಲ್ಲಮ್ಮ? ನನಗೆ ಭಯ."

ಜಗದಾಂಬಾ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, "ಲಿಂಗದಾಣೆಗೂ ಬರೀ ಎಲೆ" ಎಂದಿದ್ದಳು. ಲಿಂಗ ಮುಟ್ಟಿ ಆಣೆ ಮಾಡುವುದು ಅವಳ ಮನೆತನದಲ್ಲೇ ಇಲ್ಲ. ಅವಳ ತಂದೆ ಕೋರ್ಟಿನಲ್ಲೂ ಮಾಡಿರಲಿಲ್ಲ. ಇಷ್ಟು ದಿನ ನೆರೆಮನೆಯಲ್ಲಿದ್ದ ಅಂಜನಮ್ಮನವರಿಗೂ ಅದು ಗೊತ್ತಿತ್ತು.

ಅಟ್ಟದ ಮೇಲೆ ಆಮೇಲೆ ತಂದಿಟ್ಟ ಕರಿ ಮದರಂಗಿಯ ಒಡೆಯದ ಪೊಟ್ಟಣ ಇನ್ನೂ ಒಂದಿತ್ತು. ವೆಂಕಟೇಶ್ ಹೋದ ಮೇಲೆ ಜಗದಾಂಬಾ ಸ್ಟೂಲು ಹತ್ತಿ ಅದನ್ನು ಇಳಿಸಿದಳು, ಕನ್ನಡಕ ಹಾಕಿಕೊಂಡಳು. ಮುಂದುಗಡೆ ಹಸಿರು ಎಲೆಯ ಚಿತ್ರ. ಹಿಂದುಗಡೆ ಮೊದಲು ಮದರಂಗಿ, ಆಮೇಲೆ ಒಂದೇ ಉಸಿರಿಗೆ ಓದಲಾಗದ ಉದ್ದನೆಯ ಹೆಸರು. ಕಾಲೇಜಿಗೆ ಹೊರಟಿದ್ದ ವಚನಾಳನ್ನು ಕರೆದು ಅದರ ಮೇಲೆ ಬೆರಳಿಟ್ಟಳು.

"ಪ್ಯಾರಾಫಿನೈಲಿನ್‌ಡಯಮೈನ್," ವಚನಾ ಓದಿದಳು. "ಅಮ್ಮಾ, ಇದು ಹೇರ್ ಡೈಗೆ ಹಾಕೋದು. ಮದರಂಗಿ ಕಪ್ಪಾಗೋದೇ ಇದ್ರಿಂದ. ಕೆಳಗೆ ನೋಡು, ಹಿಂದೆ ಯಾವತ್ತಾದ್ರೂ ಡೈ ಅಲರ್ಜಿ ಆದವ್ರು ಮುಟ್ಟಲೇಬಾರ್ದು ಅಂತ ಬರ್ದಿದೆ. ಇದು ನಮ್ಮನೇಲಿ ಯಾಕಿದೆ?"

ತಾಯಿಯ ಮುಖ ನೋಡಿದ ಮೇಲೆ ಅವಳಿಗೇ ಗೊತ್ತಾಯಿತು. "ನಾನು ಚೀಟಿ ಅಂಟಿಸಿದ್ನಲ್ಲಮ್ಮ" ಎಂದಷ್ಟೇ ಹೇಳಿದಳು.

ಒಳಗಿನಿಂದ ಎಲ್ಲ ಕೇಳಿಸಿಕೊಂಡ ಗಂಡ ಪಂಚಾಕ್ಷರಿ ಷರ್ಟಿನ ಗುಂಡಿ ಹಾಕಿಕೊಳ್ಳುತ್ತ ಬಂದ. ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿ ನೋಡಿ ಪಳಗಿದ ಮನುಷ್ಯ. "ಸುಮ್ನೆ ಮಾತ್ರೆ ಚೀಟಿ ಕೊಟ್ಟು ಬಾ. ಡಾಕ್ಟ್ರು ಅವರ ಪಾಡಿಗೆ ಅವರು ವಾಸಿ ಮಾಡ್ತಾರೆ. ನೀನಾಗೇ ಬಾಯಿಬಿಟ್ಟು ಪೊಲೀಸ್ ಗಿಲೀಸ್ ಅಂತ ಆದ್ರೆ?" ಎಂದ.

ನರ್ಸಿಂಗ್ ಹೋಮಿಗೆ ಆಟೋದಲ್ಲಿ ಹತ್ತೇ ನಿಮಿಷ. ಜಗದಾಂಬಾ ಪೊಟ್ಟಣವನ್ನು ಬ್ಯಾಗಿನಿಂದ ತೆಗೆದಳು, ಮತ್ತೆ ಒಳಗಿಟ್ಟಳು. ಗಂಡ ಹೇಳಿದ್ದರಲ್ಲಿ ತಪ್ಪೇನು? ಔಷಧಿ ಕೊಟ್ಟೇ ಕೊಡುತ್ತಾರೆ. ನಿಶ್ಚಿತಾರ್ಥದ ಹೊತ್ತಿಗೆ ಊತ ಇಳಿಯುತ್ತದೆ, ಅಂಜನಮ್ಮ ಮೊದಲಿನ ಹಾಗೆ ಸಂಜೆ ಬಂದು ಜಗಲಿಯ ಮೇಲೆ ಕೂರುತ್ತಾರೆ. ಹೇಳಿಬಿಟ್ಟರೆ ಆ ಜಗಲಿ, ಆ ಸಂಜೆ ಕೈತಪ್ಪುತ್ತದಲ್ಲ ಎಂದು ಅವಳಿಗೆ ಪೊಲೀಸರಿಗಿಂತ ಹೆಚ್ಚು ಭಯವಾಯಿತು.

ವಾರ್ಡಿನ ಬಾಗಿಲಲ್ಲೇ ವೈದ್ಯರು ವೆಂಕಟೇಶನ ಜೊತೆ ಮಾತಾಡುತ್ತಿದ್ದರು. "ಬಿಪಿ ಮಾತ್ರೆ ನಿಲ್ಲಿಸಿದೀವಿ, ಅದಕ್ಕೇ ಬಿಪಿ ಏರ್ತಾ ಇದೆ. ಊತ ಗಂಟಲಿಗೂ ಇಳೀತಿದೆ. ಶುಗರ್ ಬೇರೆ ಇರೋದ್ರಿಂದ ಕಾರಣ ಗೊತ್ತಿಲ್ದೆ ಸ್ಟೀರಾಯ್ಡ್ ಜಾಸ್ತಿ ಮಾಡೋಕೆ ಹಿಂಜರಿಕೆ. ಇನ್ಫೆಕ್ಷನ್ ಆಗಿದ್ರೆ ಅದು ಇನ್ನೂ ಕೆಡಿಸುತ್ತೆ."

ಮಂಚದ ಮೇಲಿದ್ದ ಮುಖದಲ್ಲಿ ಅಂಜನಮ್ಮನವರನ್ನು ಹುಡುಕಬೇಕಾಯಿತು. ರೆಪ್ಪೆಗಳು ಎರಡು ಗಂಟುಗಳಾಗಿದ್ದವು. ಹಣೆಯ ಅಂಚಿನಲ್ಲಿ ಹಳದಿ ನೀರು ಕಟ್ಟಿತ್ತು. ಅದರ ಮೇಲೆ ಕೂದಲು ಮಾತ್ರ ಕಪ್ಪಗೆ, ಬಹಳ ಚೆನ್ನಾಗಿ ಹೊಳೆಯುತ್ತಿತ್ತು. ಚೆನ್ನಾಗಿದೆ ಎಂದು ತನ್ನ ಕಣ್ಣಿಗೆ ಕಂಡದ್ದಕ್ಕೇ ಜಗದಾಂಬಾಳಿಗೆ ಅಸಹ್ಯವಾಯಿತು.

"ಯಾರು, ಜಗದಾಂಬಾನಾ?" ಅಂಜನಮ್ಮ ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದರು. ಮಾತು ತೊದಲುತ್ತಿತ್ತು. "ಚೀಟಿ ತಂದ್ಯಾ? ಇವರಿಗೆ ಒಂಚೂರು ಹೇಳಮ್ಮ, ನಿನ್ನ ಪುಡೀಲಿ ಏನೂ ಇಲ್ಲ ಅಂತ. ಅದನ್ನೇ ಕೇಳಿ ಕೇಳಿ ಪ್ರಾಣ ತಿಂತಾರೆ."

ಇದಾದ ಮೇಲೆ ಜಗದಾಂಬಾಳಿಗೆ ತಡೆಯಲಾಗಲಿಲ್ಲ. ಪೊಟ್ಟಣವನ್ನು ವೈದ್ಯರ ಕೈಗೆ ಕೊಟ್ಟಳು.

"ಮಾತ್ರೆಯಿಂದ ಆಗಿದ್ದಲ್ಲ ಡಾಕ್ಟ್ರೇ. ನನ್ನ ಪುಡಿಯಿಂದ. ಅದರಲ್ಲಿ ಇದನ್ನ ಬೆರೆಸಿದೀನಿ. ಡೈ ಇದೆ."

ವೈದ್ಯರು ಹಿಂಬದಿಯ ಸಾಲುಗಳನ್ನು ಓದಿದರು. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ನರ್ಸಿಗೆ ಇಂಜೆಕ್ಷನ್ ಹೇಳಿದರು, ತಲೆಯಲ್ಲಿ ಉಳಿದದ್ದನ್ನು ಈಗಲೇ ನೀರು ಹಾಕಿ ತೊಳೆಯಿರಿ ಎಂದರು. ವೆಂಕಟೇಶ್ ಜಗದಾಂಬಾಳನ್ನೇ ನೋಡುತ್ತಿದ್ದ. ಅವನು ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಎಷ್ಟು ಹೊತ್ತು ಬಿಟ್ಟಿದ್ರಿ ಅಮ್ಮಾ?" ವೈದ್ಯರು ಅಂಜನಮ್ಮನವರನ್ನು ಕೇಳಿದರು.

"ಮೂರು ಗಂಟೆ."

"ಉರೀಲಿಲ್ವಾ?"

"ಉರೀತು ಸಾರ್. ಹತ್ತು ನಿಮಿಷಕ್ಕೇ ಉರೀತು. ಹೋದ ಸಲ ಡೈಗೂ ಹಂಗೇ ಉರಿದಿತ್ತು, ನಂಗೆ ನೆನಪಿತ್ತು. ತೊಳ್ಕೊಂಡುಬಿಡೋಣ ಅಂತ ಬಚ್ಚಲಿಗೂ ಹೋದೆ." ಅವರು ಉಗುಳು ನುಂಗಲು ಕಷ್ಟಪಟ್ಟರು. "ಆದ್ರೆ ಇವಳು ಲಿಂಗ ಹಿಡ್ಕೊಂಡು ಹೇಳಿದ್ಲಲ್ಲ. ಅವಳ ಮಾತು ಸುಳ್ಳಾಗಲ್ಲ, ಇದು ನನ್ನ ಭಯಾನೇ ಇರ್ಬೇಕು ಅಂದ್ಕೊಂಡು ವಾಪಸ್ ಬಂದು ಕೂತ್ಕೊಂಡೆ."

ನರ್ಸು ಬಕೆಟ್ಟು, ಮಗ್ಗು ತಂದಿಟ್ಟು, ತಾನು ತಲೆ ಹಿಡಿದುಕೊಳ್ಳುತ್ತೇನೆ, ಯಾರಾದರೂ ನೀರು ಹುಯ್ಯಿರಿ ಎಂದಳು. ಜಗದಾಂಬಾ ಕಣ್ಣೊರೆಸಿಕೊಂಡು, ಸೀರೆಯ ಸೆರಗು ಸಿಕ್ಕಿಸಿ ಮುಂದೆ ಬಂದಳು. ಮಗ್ಗು ನೀರಿಗೆ ಮುಳುಗಿದ ಸದ್ದು ಕೇಳಿ ಅಂಜನಮ್ಮ ಕೈ ಅಡ್ಡ ಹಿಡಿದರು.

"ಬೇಡ," ಎಂದರು. "ವೆಂಕಟೇಶ ಹಾಕ್ಲಿ."

ಜಗದಾಂಬಾ ಮಗ್ಗನ್ನು ಅವನ ಕೈಗೆ ಕೊಟ್ಟು ಹಿಂದೆ ಸರಿದಳು.