ಆರನೆಯ ಹೆಸರು

"ನನ್ನ ಹೆಸರು ತೆಗೆಸಿದ್ದು ಯಾರು ಅಂತ ಹೇಳ್ಬಿಡಿ, ಸಾಕು. ನಾನೇನೂ ಜಗಳ ಮಾಡಲ್ಲ," ಎಂದಳು ಫೊಸುವಾ. ಅಪ್ಪ ತೀರಿಕೊಂಡ ಮೇಲೆ ಹೋಗಿದ್ದ ತಾಯಿಯ ಹಳ್ಳಿಯಿಂದ ಆಗಷ್ಟೇ ಬಂದಿಳಿದಿದ್ದಳು. ಗಂಟು ಇನ್ನೂ ತಲೆಯ ಮೇಲೇ ಇತ್ತು.

ಕುಮಾಸಿಯ ಆ ಮನೆಯ ಗೇಟಿಗೆ ಅಂಟಿಸಿದ್ದ ಸಾವಿನ ಪೋಸ್ಟರಿನಲ್ಲಿ ಅಪ್ಪ ಬಾದು ನಗುತ್ತಿದ್ದರು. ಕೆಳಗೆ ಹೆಸರುಗಳು: ಕುಲದ ಹಿರಿಯರು, ಅಪ್ಪನ ತಾಯಿ ದಿವಂಗತ ಫೊಸುವಾ, ಹೆಂಡತಿ, ಐವರು ಮಕ್ಕಳು. ಆರನೆಯವಳು, ಈ ಫೊಸುವಾ, ಇರಲಿಲ್ಲ. ಮದುವೆಯಾಚೆ ಹುಟ್ಟಿದ ಅವಳಿಗೆ ತನ್ನ ತಾಯಿಯ ಹೆಸರನ್ನೇ ಇಟ್ಟು, ಇವಳು ನನ್ನವಳೆಂದು ಅಪ್ಪ ಊರಿಗೆಲ್ಲ ತಿಳಿಸಿದ್ದರು. ಕೊನೆಯ ಎರಡು ವರ್ಷ ಅವರ ಹೇಲುಚ್ಚೆ ಬಳಿದವಳೂ ಅವಳೇ. ಪೋಸ್ಟರಿನಲ್ಲಿಲ್ಲದವಳು ನಾಳೆ ಅಂತ್ಯಕ್ರಿಯೆಯಲ್ಲಿ ಮಕ್ಕಳ ಸಾಲಿನಲ್ಲಿ ಯಾವ ಮುಖ ಹೊತ್ತು ಕೂರಬೇಕು?

"ನಿನ್ನ ಹೆಸರು ನನ್ನ ಕೈಯಾರೆ ಬರ್ದಿದ್ದೆ ಕಣೇ," ಎಂದರು ಅಪ್ಪನ ತಂಗಿ ಅಬ್ರಫಿ ಅತ್ತೆ. "ಸೆರ್ವಾ ಫೋನಿಗೆ ಹಾಕ್ಕೊಟ್ಟಿದ್ಲಲ್ಲ, ಆ ಬರೆಯೋ ಆ್ಯಪು, 'ಅಚ್ಚುಕಟ್ಟು ಮಾಡಲಾ' ಅಂತ ಕೇಳ್ತು. ಹ್ಞೂಂ ಅಂತ ಒತ್ತಿದೆ."

ಪಕ್ಕದಲ್ಲಿದ್ದ ಹಿರಿಮಗಳು ಸೆರ್ವಾ ಪೋಸ್ಟರಿನ ಪಟ್ಟಿಯನ್ನು ಮತ್ತೊಮ್ಮೆ ಓದಿದಳು. ಅಕ್ರಾದ ಕಚೇರಿಯಲ್ಲಿ ಕೂತು ಆ ಎಐ ಗುಂಡಿಯನ್ನು ರೂಪಿಸಿದವಳು ಅವಳೇ. ಯಂತ್ರ ಅಳಿಸಿದ್ದನ್ನೆಲ್ಲ ಕೆಂಪಾಗಿ ತೋರಿಸೋಣ ಎಂದವಳೂ, ಕೆಂಪು ಕಂಡರೆ ಜನ ಗಾಬರಿಯಾಗುತ್ತಾರೆಂದು ಅದನ್ನು ಕಿತ್ತುಹಾಕಿದವಳೂ ಅವಳೇ. ಪುಟ ಶುಭ್ರವಾಗಿದೆ ಎಂದು ಎಲ್ಲರೂ ಬೆನ್ನು ತಟ್ಟಿದ್ದರು.

"ಅದು ಯಂತ್ರ ಮಾಡಿದ್ದು, ಫೊಸುವಾ. ಅಜ್ಜಿ ಹೆಸರೂ ನಿನ್ನ ಹೆಸರೂ ಒಂದೇ ಅಲ್ವಾ, ಎರಡು ಸಲ ಬಂದಿದೆ ಅಂತ ಒಂದನ್ನ ತೆಗೆದಿದೆ. ತಪ್ಪು ನಂದು," ಎಂದಳು ಸೆರ್ವಾ.

"ಐದು ಜನರನ್ನ ಬಿಟ್ಟು ನನ್ನನ್ನೇ ಹುಡುಕ್ತಾ ಅದು?" ಫೊಸುವಾ ನಕ್ಕಳು. "ಯಂತ್ರಕ್ಕೂ ನಮ್ಮನೆ ವಿಷಯ ಗೊತ್ತಾಯ್ತು ಅನ್ನು ಅಕ್ಕಾ."

ಸೆರ್ವಾ ಅತ್ತೆಯ ಫೋನು ಕಸಿದುಕೊಂಡು ಮೊದಲಿನ ಪ್ರತಿ ಹುಡುಕಿದಳು. ಇರಲಿಲ್ಲ. ಒಪ್ಪಿಗೆ ಕೊಟ್ಟ ಮೇಲೆ ಹಳೆಯದನ್ನು ಇಟ್ಟುಕೊಳ್ಳುವುದೇಕೆ ಎಂದು ತೀರ್ಮಾನಿಸಿದ ಕಚೇರಿಯ ಸಭೆಯಲ್ಲಿ ಅವಳೂ ತಲೆಯಾಡಿಸಿದ್ದಳು. ಪೋಸ್ಟರು ಊರ ತುಂಬ ಹಂಚಿಹೋಗಿತ್ತು.

ಅತ್ತೆ ಒಳಗಿನಿಂದ ಪೆನ್ನು ತಂದು ಗೇಟಿನ ಪೋಸ್ಟರಿನಲ್ಲಿ ಮಕ್ಕಳ ಪಟ್ಟಿಯ ಕೆಳಗೆ ಬರೆಯಹೊರಟರು. ಫೊಸುವಾ ಅವರ ಕೈ ಹಿಡಿದಳು.

"ಬೇಡ ಅತ್ತೆ. ಕೈಯಲ್ಲಿ ಬರೆದ್ರೆ ನಾನೇ ಬರ್ಕೊಂಡೆ ಅಂತಾರೆ."

ಮರುದಿನ ಸೆರ್ವಾ ಮಕ್ಕಳ ಸಾಲಿನಲ್ಲಿ, ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲವಿಟ್ಟು ಫೊಸುವಾಳಿಗಾಗಿ ಕಾದಳು. ಯಾರಾದರೂ ಕೇಳಿದರೆ, ಜನ ಇದ್ದಾರೆ ಎನ್ನುತ್ತಿದ್ದಳು. ಫೊಸುವಾ ಬಂದಳು, ನೀರಿನ ಪೊಟ್ಟಣಗಳ ತಟ್ಟೆ ಹಿಡಿದುಕೊಂಡು. ಸಾಲಿನಲ್ಲಿ ಒಬ್ಬೊಬ್ಬರಿಗೂ ಕೊಡುತ್ತ ಬಂದು, ಸೆರ್ವಾಳಿಗೂ ಒಂದು ಕೊಟ್ಟು, ಚೀಲವಿದ್ದ ಕುರ್ಚಿ ದಾಟಿ ಹಿಂದಿನ ಸಾಲಿಗೆ ಹೋದಳು.