ಬೇಲಿಯಾಚೆಯ ಅರ್ಧ

“ಹದಿನೇಳನೇ ಇಸವಿ ಕಾಚಂಪುಳಿದೇ. ಅದ್ರಲ್ಲಿ ಮಾತಾಡ್ಲಿಕ್ಕೆ ಎಂತ ಉಂಟು ಮಾರಾಯ?” ಎಂದು ಉತ್ತಯ್ಯ ಮೇಜು ಗುದ್ದಿದ. ಮುಂದಿದ್ದ ಮೈಕು ಉರುಳಿ ಹಾಲ್ ಪೂರ್ತಿ ಗುಡುಗಿದಂತಾಯಿತು. ಹಿಂದಿನ ಮೂಲೆಯಲ್ಲಿ ಮಿಕ್ಸರ್ ಮುಂದೆ ಕೂತಿದ್ದ ನಿಶ್ಮಿತಾ ಒಂದು ಬೆರಳಿನಿಂದ ಆ ಸದ್ದನ್ನು ಕೆಳಗೆಳೆದಳು. ಸೋದರಮಾವನ ಸೌಂಡ್ಸ್ ಅಂಗಡಿಯಿಂದ ಕೂಲಿಗೆ ಬಂದ ಹುಡುಗಿ ಎಂದೇ ಎಲ್ಲರೂ ತಿಳಿದಿದ್ದರು. ತಿಳಿದುಕೊಳ್ಳಲಿ.

ಮಡಿಕೇರಿಯಲ್ಲಿ ರ‍್ಯಾಪ್ ಹಾಡುವವರನ್ನೆಲ್ಲ ಗುಡ್ಡೆ ಹಾಕಿದರೂ ಒಂದು ಖಾಸಗಿ ಬಸ್ಸು ತುಂಬುವುದಿಲ್ಲ. ಜಗಳಕ್ಕೆ ಮಾತ್ರ ಬರವಿಲ್ಲ. ಯಾವ ವರ್ಷ ಊರು ಯಾರ ಕೈಯಲ್ಲಿತ್ತು ಎಂದು ರಾಜಾಸೀಟಿನ ಮೆಟ್ಟಿಲ ಮೇಲೆ, ವಾಟ್ಸಾಪ್ ಗುಂಪಿನಲ್ಲಿ ಕಚ್ಚಾಡಿ ಸಾಕಾಗಿತ್ತು. ಕೊನೆಗೆ ಯೂಟ್ಯೂಬ್ ಚಾನೆಲ್ ನಡೆಸುವ ಅಭಿಲಾಷ್ ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್ ಹಿಡಿದು, ಬಿಳಿ ಬೋರ್ಡಿನ ಮೇಲೆ ವರ್ಷಗಳನ್ನು ಬರೆದು, ಇವತ್ತು ಇತ್ಯರ್ಥ ಮಾಡಿಯೇ ಬಿಡುವ ಎಂದಿದ್ದ. ವರ್ಷ ತನ್ನದು ಎನ್ನುವವನು ಹಾಡಿ ತೋರಿಸಬೇಕು. ತಕರಾರು ಇದ್ದವರು ಹಾಡಿಯೇ ತಕರಾರು ಎತ್ತಬೇಕು. ಅದಕ್ಕೆ ನಿಂತಲ್ಲೇ ಜವಾಬು ಕೊಡಲಾಗದಿದ್ದರೆ ವರ್ಷ ಕೈತಪ್ಪಿತು. ಎಲ್ಲವೂ ಲೈವ್. ಹಿಂದೊಮ್ಮೆ ಊರಿಗೆಲ್ಲ ಡಿಜೆ ಆಗಿದ್ದ ಉತ್ತಯ್ಯನೇ ಹಿರಿಯ ತೀರ್ಪುಗಾರ.

ಹಂದಿಸಾರಿಗೆ ಹಾಕುವ ಹುಳಿಯ ಹೆಸರನ್ನೇ ಇಟ್ಟುಕೊಂಡು ಮೆರೆದಿದ್ದ ಕಾಚಂಪುಳಿ ಈಗ ಶನಿವಾರಸಂತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಫೋನಿನಲ್ಲೇ ನಾಲ್ಕು ಸಾಲು ಹಾಡಿ ತನ್ನ ವರ್ಷ ಗೆದ್ದುಕೊಂಡ. ಹಿಂದಿನಿಂದ ಯಾರೋ ಬಾತ್‌ರೂಮ್ ಟೈಲ್ಸಿನ ರೇಟು ಕೇಳುತ್ತಿದ್ದುದೂ ಲೈವ್‌ನಲ್ಲಿ ಹೋಯಿತು.

“ಹದಿನೆಂಟು?” ಎಂದ ಅಭಿಲಾಷ್.

“ಗುಡ್ಡ ಜಾರಿದ ವರ್ಷ ಅದು. ಖಾಲಿ ಬಿಡಿ,” ಎಂದ ಉತ್ತಯ್ಯ, ಆ ಸಂಜೆ ಮೊದಲ ಸಲ ಮೆಲ್ಲಗೆ. ಅಭಿಲಾಷ್ ಅದರ ಮುಂದೆ ಒಂದು ಗೆರೆ ಎಳೆದ.

ಹತ್ತೊಂಬತ್ತು ಎಂದು ಅವನು ಬಾಯಿ ತೆರೆಯುವ ಮೊದಲೇ ಹಾಲ್ “ಬೇಲಿ! ಬೇಲಿ!” ಎಂದು ಕೂಗತೊಡಗಿತು. ಮುಂದಿನ ಸಾಲಿನಿಂದ ದಿಗಂತ್ ಎದ್ದ. ಕುಶಾಲನಗರದ ಕಡೆ ಅಪ್ಪನ ಎರಡು ಹೋಂಸ್ಟೇ, ಮೈಮೇಲೆ ಕಪ್ಪು ಜಾಕೆಟ್, ಮುಖದ ಮೇಲೆ ನಾಚುವವನ ಹಾಗೆ ಒಂದು ನಗು. ಆ ನಗು ನಿಶ್ಮಿತಾಳಿಗೆ ಚೆನ್ನಾಗಿ ಗೊತ್ತಿತ್ತು.

‘ಬೇಲಿ’ ಹಾಡು ಅವಳದು. ಕರಿಕೆ ಊರಿನ ಮನೆಯ ಬೇಲಿಯ ಎರಡು ಕಡೆ ನಿಂತು ಅವಳ ಅಜ್ಜಿ ಹೊನ್ನಮ್ಮನೂ ನೆರೆಮನೆಯ ಬೆಳ್ಳಮ್ಮನೂ ಬೈದಾಡುತ್ತಿದ್ದರು. ಆ ಬೈಗುಳಕ್ಕೂ ಒಂದು ಕಟ್ಟುಪಾಡಿತ್ತು. ಒಬ್ಬಳು ಜಂಬ ಕೊಚ್ಚಿ ಮುಗಿಸುವವರೆಗೆ ಇನ್ನೊಬ್ಬಳು ತುಟಿ ಪಿಟಕ್ಕೆನ್ನಬಾರದು. ಆಮೇಲೆ ಅವಳ ಸಾಲನ್ನೇ ಎತ್ತಿಕೊಂಡು ಅವಳ ಮುಖಕ್ಕೆ ಎಸೆಯಬೇಕು. ಜವಾಬು ತೋಚದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಅಂದಿನ ಜಗಳ ಮುಗಿಯಿತು. ಅದನ್ನೇ ಕೇಳಿ ಬೆಳೆದ ನಿಶ್ಮಿತಾ ಮನೆಮಾತಾದ ಅರೆಭಾಷೆಯಲ್ಲೇ ಹಾಡು ಕಟ್ಟಿದಳು. ಅರ್ಧ ಜಂಬ, ಅರ್ಧ ಜವಾಬು.

ಅದನ್ನು ಅವಳು ಮೊದಲು ಕೇಳಿಸಿದ್ದು ದಿಗಂತನಿಗೆ, ಮಡಿಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡು. ಗೆಳೆಯನಲ್ಲವೇ ಎಂದು ಅವನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೂ ಬಿಟ್ಟಳು. ಜಂಬದ ಅರ್ಧ ಮುಗಿಯುವಷ್ಟರಲ್ಲಿ ಕರಿಕೆಯ ಬಸ್ಸು ಬಂತು. ಅದು ತಪ್ಪಿದರೆ ಮತ್ತೆ ಮರುದಿನವೇ. “ಉಳಿದದ್ದು ಆಮೇಲೆ ಹೇಳ್ತೇನೆ!” ಎಂದು ಕೂಗಿ ಓಡಿ ಹತ್ತಿದಳು. ಮುಂದಿನ ತಿಂಗಳು ಆ ಅರ್ಧವೇ ಅವನ ಹೆಸರಿನಲ್ಲಿ, ಹಾರಂಗಿಯ ಹಿನ್ನೀರಿನ ಡ್ರೋನ್ ವಿಡಿಯೋ ಸಮೇತ, ಎಲ್ಲರ ಫೋನಿಗೂ ಬಂದಿತ್ತು. ಉಳಿದದ್ದು ಏನೆಂದು ಕೇಳುವಷ್ಟು ಪುರುಸೊತ್ತೂ ಆ ಕಳ್ಳನಿಗಿರಲಿಲ್ಲ.

ಕೇಳಲು ಹೋದಾಗ ನಕ್ಕಿದ್ದ. “ಅಜ್ಜಿಯಂದಿರ ಜಗಳ ನಿನ್ನ ಅಪ್ಪನ ಆಸ್ತಿಯಾ? ಬೇಕಾದ್ರೆ ಕೋರಸ್‌ಗೆ ಬಾ.” ಆಮೇಲೆ ಯಾವುದೋ ಲೈವ್‌ನಲ್ಲಿ, “ಆ ಹುಡುಗಿ ನನ್ನ ಫ್ಯಾನ್. ಪಾಪ, ತಲೆ ಸ್ವಲ್ಪ ಲೂಸು,” ಎಂದ. ಲೂಸು ಎಂದದ್ದನ್ನು ಬೇಕಾದರೆ ಅವಳು ಮರೆತಾಳು. ಆ ‘ಪಾಪ’ವನ್ನು ಮರೆಯಲಾರಳು.

ಅಂದೇ ಜವಾಬು ಹಾಡಬಹುದಿತ್ತು. ಯಾರು ಕೇಳುತ್ತಿದ್ದರು? ಬೆಳೆಯಲಿ ಎಂದು ಹಲ್ಲು ಕಚ್ಚಿ ಬಿಟ್ಟಳು. ಮದುವೆ ಮನೆಗಳಲ್ಲಿ ಮಾವನ ಸ್ಪೀಕರ್ ಹೂಡಿ ಕೂತರೆ, ಊಟ ಮುಗಿಸಿದ ಹುಡುಗರು ಬಂದು “ಅಕ್ಕ, ಬೇಲಿ ಹಾಕಿ” ಎನ್ನುತ್ತಿದ್ದರು. ಅವಳೇ ಹಾಕುತ್ತಿದ್ದಳು. ಅವಳ ಮಾತಿಗೆ, ಅವನ ದನಿಯಲ್ಲಿ, ಮದುಮಕ್ಕಳು ಕುಣಿಯುತ್ತಿದ್ದರು. ಇನ್ನೂ ಮೇಲೆ ಹೋಗು, ಇನ್ನೂ ಹೋಗು, ಬೀಳುವಾಗ ಸೊಂಟ ಮುರಿಯಬೇಕು ಎಂದು ಮನಸ್ಸಿನಲ್ಲೇ ಹರಸುತ್ತಿದ್ದಳು. ಅಭಿಲಾಷ್ ಈ ಕಾರ್ಯಕ್ರಮಕ್ಕೆ ಸೌಂಡ್ ಕೇಳಲು ಬಂದಾಗ, ಮಾವ ಬೇಡವೆಂದರೂ ಕೇಳದೆ, ಅರ್ಧ ರೇಟಿಗೆ ಒಪ್ಪಿಕೊಂಡವಳು ಅವಳೇ.

ದಿಗಂತ್ ಮೈಕು ಹಿಡಿದ. ಹಾಲ್ ಅವನ ಜೊತೆಗೇ ಹಾಡಿತು.

“ನನ್ನ ಹಟ್ಟಿಲಿ ಉಟ್ಟು ಸಾಲು ಸಾಲು ದನ,
ನನ್ನ ಹೆಸರು ಕೇಳಿರೆ ಏಳುದು ಜನ!
ನನ್ನ ಬಾವಿಗೆ ಬೇಸಿಗೆ ಗೊತ್ತೇ ಇಲ್ಲೆ,
ನನ್ನ ಎದುರು ನಿಲ್ಲಿಕೆ ನಿಂಗೆ ದಮ್ಮೇ ಇಲ್ಲೆ!”

ಶಿಳ್ಳೆ, ಚಪ್ಪಾಳೆ. ಅಭಿಲಾಷ್ ಬೋರ್ಡಿನತ್ತ ತಿರುಗಿ, ಹತ್ತೊಂಬತ್ತರ ಮುಂದೆ ‘ದಿ’ ಎಂದು ಬರೆದೇಬಿಟ್ಟ. “ತಕರಾರು ಉಂಟಾ ಯಾರದಾದ್ರೂ?” ಎಂದು ಶಾಸ್ತ್ರಕ್ಕೆ ಕೇಳಿದ.

“ಉಂಟು.”

ಎರಡು ಸ್ಪೀಕರಿನಿಂದಲೂ ಬಂದ ಹೆಣ್ಣುದನಿಗೆ ಜನ ಅತ್ತಿತ್ತ ಹುಡುಕಿದರು. ಮಿಕ್ಸರ್ ಹಿಂದೆ ನಿಶ್ಮಿತಾ ಎದ್ದು ನಿಂತಿದ್ದಳು. ಎಡಗೈಯಲ್ಲಿ ಮೈಕು.

“ನಾನು ಕರಿಕೆಯ ನಿಶ್ಮಿತಾ,” ಎಂದಳು. “ಕೋರಸ್.”

ದಿಗಂತನ ನಗು ಒಂದು ಕ್ಷಣ ಎಡವಿ ಮತ್ತೆ ಸರಿಯಾಯಿತು. “ಏಯ್, ನೀನು ಸೌಂಡ್ ನೋಡ್ಕೊ.”

“ನಿಯಮ ಅಂದ್ರೆ ನಿಯಮ. ಹಾಡ್ಲಿ ಬಿಡು,” ಎಂದ ಉತ್ತಯ್ಯ.

ಅವಳು ಬೀಟ್ ಹಾಕಲಿಲ್ಲ. ಹೊನ್ನಮ್ಮ ಬೇಲಿಗೆ ಕೈಯೂರಿ ನಿಲ್ಲುತ್ತಿದ್ದ ಹಾಗೆ ಮೇಜಿಗೆ ಕೈಯೂರಿ, ಅವಸರವಿಲ್ಲದೆ, ಅವನ ಕಣ್ಣನ್ನೇ ನೋಡುತ್ತ ಶುರುಮಾಡಿದಳು.

“ನಿನ್ನ ಹೆಸರು ಕೇಳಿರೆ ಏಳುದು ಜನ,
ಎದ್ದ್ ಹೋಗಿ ಎಣಿಸುದು ತಂತಮ್ಮ ದನ!”

ಹಿಂದಿನ ಸಾಲಿನಲ್ಲಿ ಭಾಗಮಂಡಲದ ಕಡೆಯ ಅರೆಭಾಷೆಯ ಹುಡುಗರು ಕುರ್ಚಿ ಬಡಿದು ಕೂಗಿದರು.

“ನಿನ್ನ ಬಾವಿಗೆ ಬೇಸಿಗೆ ಗೊತ್ತೇ ಇಲ್ಲೆ,
ಹರಿಯುದು ನನ್ನ ತೋಡು, ನೀರು ನಿಂದಲ್ಲೆ!
ನಾ ಎದುರೇ ನಿಂತೆ, ದಮ್ಮಿದ್ದರೆ ಈಗ
ಕದ್ದದ್ದ್ ಬಿಟ್ಟ್ ನಿಂದೊಂದು ಹೇಳ್ ಬೇಗ!”

“ಅಯ್ಯಯ್ಯೋ!” ಉತ್ತಯ್ಯ ತಲೆಯ ಮೇಲೆ ಕೈಯಿಟ್ಟುಕೊಂಡ. “ಇದು ಒಂದೇ ಹಾಡಲ್ವಾ! ಇಷ್ಟು ವರ್ಷ ಇವ ಬೈಸಿಕೊಳ್ಳುವವಳ ಪಾರ್ಟು ಹಾಡ್ತಿದ್ದನಾ ಮಾರಾಯ!”

ನಗು ಗೋಡೆಯಿಂದ ಗೋಡೆಗೆ ಹಾಯಿತು. ಅವನ ಪಕ್ಕ ಕೂತಿದ್ದ ಗೆಳೆಯರೂ ನಕ್ಕರು. ಅಭಿಲಾಷ್ ಫೋನಿನಲ್ಲಿ ಲೈವ್ ನೋಡಿ, “ನೋಡುವವರು ಏರ್ತಾ ಇದ್ದಾರೆ,” ಎಂದು ಯಾರಿಗೂ ಅಲ್ಲದೆ ಹೇಳಿಕೊಂಡ. ಆಮೇಲೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ.

“ದಿಗಂತ್, ನಿನ್ನ ಜವಾಬು.”

ನಿಶ್ಮಿತಾ ಕೂತಳು. ತನ್ನ ಮೈಕು ಆರಿಸಿದಳು. ಮಿಕ್ಸರಿನಲ್ಲಿ ಅವನ ಮೈಕಿನ ದನಿ ಏರಿಸುವ ಗುಂಡಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಮೇಲಕ್ಕೆ ತಳ್ಳಿದಳು. ಸ್ಪೀಕರ್ ಕಿರುಚದ ಹಾಗೆ ಎಲ್ಲಿಯವರೆಗೆ ತಳ್ಳಬಹುದು ಎಂಬುದು ಅವಳಿಗೆ ಗೊತ್ತಿತ್ತು.

ದಿಗಂತ್ ಬಾಯಿ ತೆರೆದ. ಅರೆಭಾಷೆಯಲ್ಲಿ ಅವನಿಗೆ ಗೊತ್ತಿದ್ದದ್ದು ಆ ನಾಲ್ಕು ಸಾಲು ಮಾತ್ರ. ಕನ್ನಡದಲ್ಲಿ ಏನೋ ಶುರುಮಾಡಿ “ನಾನು...” ಎಂದು ನಿಂತ. ಅವನು ಎಂಜಲು ನುಂಗಿದ ಸದ್ದು ಎರಡು ಸ್ಪೀಕರಿನಲ್ಲೂ ಕೇಳಿಸಿತು. ಮುಂದಿನ ಸಾಲಿನ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಬಾಗಿಲ ಕಡೆ ನೋಡಿದ. ಬಾಗಿಲಲ್ಲೂ ಜನ ನಿಂತಿದ್ದರು.

ಅಭಿಲಾಷ್ ಬೋರ್ಡಿನ ಮೇಲಿದ್ದ ‘ದಿ’ಯನ್ನು ಅಂಗೈಯಿಂದ ಒರೆಸತೊಡಗಿದ. ದಿಗಂತ್ ಮೈಕನ್ನು ತುಟಿಯಿಂದ ಎದೆಯವರೆಗೆ ಇಳಿಸಿದ. ನಿಶ್ಮಿತಾ ಗುಂಡಿಯನ್ನು ಇನ್ನೊಂದು ಕೂದಲಿನಷ್ಟು ಮೇಲೆ ತಳ್ಳಿದಳು. ಅವನ ಉಸಿರು ಒಳಗೆ ಹೋಗುವುದೂ ಹೊರಗೆ ಬರುವುದೂ ಹಾಲ್‌ನ ಕೊನೆಯ ಕುರ್ಚಿಯವರೆಗೆ ಕೇಳಿಸುತ್ತಿತ್ತು. ಅವಳು ಬೆರಳು ತೆಗೆಯಲಿಲ್ಲ.