ಪಟ್ಟಿಯಲ್ಲಿ ಕೊನೆಯವನು

ನಮ್ಮ ಲಾರಿ ಶೆಡ್ಡಿನ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದಾರೆ. ಹನ್ನೊಂದು ಡ್ರೈವರುಗಳಲ್ಲಿ ಯಾರು ಎಷ್ಟು ಡೀಸೆಲ್ ಉಳಿಸಿದರು ಎನ್ನುವ ಪಟ್ಟಿ. ಅದರಲ್ಲಿ ಹನ್ನೊಂದನೆಯವನು ನಾನು. ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದವನು, ಒಂದು ನಾಯಿಯ ಬಾಲವನ್ನೂ ತುಳಿಸಿದವನಲ್ಲ, ಆದರೂ ಕೊನೆಯವನು. ನಾಚಿಕೆಯಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಮುಖಕ್ಕೇ ಹೇಳುತ್ತೇನೆ: ಇಲ್ಲ, ಒಂದು ಚೂರೂ ಇಲ್ಲ.

ಪಟ್ಟಿ ಮಾಡಿದವನು ನಮ್ಮ ಹೊಸ ಮ್ಯಾನೇಜರು. ಮೂವತ್ತು ದಾಟಿರಲಿಕ್ಕಿಲ್ಲ. ಮನುಷ್ಯ ಕೆಟ್ಟವನಲ್ಲ, ಆದರೆ ಲಾರಿಯನ್ನು ಹೊರಗಿನಿಂದ ಮಾತ್ರ ಕಂಡವನು. ನಾವು ಅವನಿಗೆ ಚಾರ್ಟಪ್ಪ ಎಂದು ಹೆಸರಿಟ್ಟಿದ್ದೆವು. ಅವನ ಕಾನೂನು ಎರಡೇ. ಬೆಳಿಗ್ಗೆ ಎಂಟಕ್ಕೆ ಹೊರಟ ಗಾಡಿ ಮಧ್ಯಾಹ್ನ ಎರಡಕ್ಕೆ ಗೋದಾಮಿನ ಗೇಟಿನೊಳಗಿರಬೇಕು, ತಡವಾದರೆ ಕೂಲಿಯಲ್ಲಿ ಕಡಿತ. ಕೊಟ್ಟ ಡೀಸೆಲ್ ಮೀರಬಾರದು, ಮೀರಿದರೂ ಕಡಿತ, ಉಳಿಸಿದರೆ ಇನಾಮು. ಕಿವಿಗೇನೋ ಇಂಪಾಗಿದೆ! ಅರವತ್ತರಲ್ಲಿ ಓಡಿಸಿದರೆ ಡೀಸೆಲ್ ಉಳಿಯುತ್ತದೆ, ಎರಡಕ್ಕೆ ಮುಟ್ಟುವುದಿಲ್ಲ. ಎಂಬತ್ತರಲ್ಲಿ ಓಡಿಸಿದರೆ ಎರಡಕ್ಕೆ ಮುಟ್ಟುತ್ತೇವೆ, ಗಾಡಿ ಡೀಸೆಲ್ಲನ್ನು ಗಟಗಟ ಕುಡಿಯುತ್ತದೆ. ಹೇಗೆ ಹೋದರೂ ಕತ್ತರಿ ಬೀಳುವುದು ನಮ್ಮ ಜೇಬಿಗೇ.

ಹಾಗಾದರೆ ಪಟ್ಟಿಯ ಮೊದಲನೆಯವನು ಎರಡನ್ನೂ ಹೇಗೆ ಗೆಲ್ಲುತ್ತಿದ್ದ? ನನಗೆ ಗೊತ್ತಿತ್ತು. ಅವನು ನನ್ನ ಹೆಂಡತಿಯ ತಮ್ಮ. ಶೆಡ್ಡಿನಲ್ಲಿ ಎಲ್ಲರೂ ಅವನನ್ನು 'ಫಸ್ಟು' ಎಂದೇ ಕರೆಯುತ್ತಿದ್ದರು. ಅವನಿಗೆ ಗಾಡಿ ಕಲಿಸಿದವನು ನಾನು, ಆ ಉಪಾಯ ಕಲಿಸಿದ ಪಾಪಿಯೂ ನಾನೇ.

ದಾರಿಯ ಮಧ್ಯೆ ಹನ್ನೆರಡು ಕಿಲೋಮೀಟರಿನ ಇಳಿಜಾರಿದೆ, ಹದಿನಾಲ್ಕು ತಿರುವು. ಸಣ್ಣ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲಿ ಇಳಿಸಿದರೆ ಅರ್ಧ ಗಂಟೆ ಬೇಕು. ಗೇರು ಬಿಡಿಸಿ ನ್ಯೂಟ್ರಲ್ಲಿಗೆ ಹಾಕಿ ಎಂಜಿನ್ ಆಫ್ ಮಾಡಿಬಿಟ್ಟರೆ ಗಾಡಿ ತನ್ನ ಭಾರಕ್ಕೆ ತಾನೇ ಉರುಳುತ್ತದೆ. ಹೊತ್ತೂ ಉಳಿಯಿತು, ಡೀಸೆಲ್ಲೂ ಉಳಿಯಿತು. ಹತ್ತು ವರ್ಷದ ಹಿಂದೆ ಡೀಸೆಲ್ ದರ ಏರಿದಾಗ ನಾನೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೋಡೋ, ಹೀಗೆ" ಎಂದು ನಗುತ್ತಾ ತೋರಿಸಿಕೊಟ್ಟಿದ್ದೆ. ಮರುವರ್ಷ ಒಂಬತ್ತನೇ ತಿರುವಿನಲ್ಲಿ ನನಗೆ ಬ್ರೇಕು ಹಿಡಿಯಲಿಲ್ಲ. ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತೆ. ಬ್ರೇಕಿನ ಲೈನಿಂಗ್ ಸವೆದಿತ್ತು ಎಂದು ಎಲ್ಲರಿಗೂ ಸುಳ್ಳು ಹೇಳಿದೆ. ಅಂದಿನಿಂದ ನಾನು ಬಿಟ್ಟೆ, ಅವನು ಬಿಡಲಿಲ್ಲ.

ಹೋದ ವಾರ ಬುಧವಾರ ಅದೇ ಇಳಿಜಾರಿನಲ್ಲಿ ನಾನು ಗೇರಿನಲ್ಲಿ ಗುರುಗುಟ್ಟುತ್ತಾ ಇಳಿಯುತ್ತಿದ್ದೆ. ಒಂದು ಲಾರಿ ನನ್ನನ್ನು ದಾಟಿಹೋಯಿತು. ಎಂಜಿನ್ನಿನ ಸದ್ದೇ ಇಲ್ಲ, ಟಯರು ಸುಯ್ಯೆನ್ನುವ ಸದ್ದು ಮಾತ್ರ. ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಟಾಟಾ ಮಾಡಿತು. ನನ್ನ ಭಾಮೈದ!

ಆ ಸಂಜೆ ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ಹಿಡಿದಳು.

"ರೀ, ವಿಷಯ ಗೊತ್ತಾ? ಸೋಮವಾರದಿಂದ ನನ್ನ ತಮ್ಮನಿಗೆ ದೊಡ್ಡ ಗಾಡಿ ಅಂತೆ. ಹದಿನಾರು ಚಕ್ರದ್ದು. ಫಸ್ಟ್ ಬಂದಿದ್ದಕ್ಕೆ."

ನಾನು ಮುಖ ಗಂಟಿಕ್ಕಿದೆ.

"ಅವನು ಮುಂದೆ ಬಂದ್ರೆ ನಿಮಗ್ಯಾಕ್ರೀ ಹೊಟ್ಟೆ ಉರಿ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ದಿಬ್ಬಕ್ಕೆ ಗುದ್ದಿದ ನಿಜವನ್ನೂ ಸೇರಿಸಿ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಅಲ್ಲೇ ಕುಕ್ಕರಿಸಿದಳು.

"ಒಂಬತ್ತು ವರ್ಷ ಬಾಯಿ ಬಿಡಲಿಲ್ವಲ್ಲ ನೀವು," ಎಂದಳು. ಆಮೇಲೆ ಸೌಟು ಎತ್ತಿಕೊಂಡು ಎದ್ದು, "ಸೋಮವಾರಕ್ಕೆ ಮುಂಚೆ ಅವನನ್ನ ನಿಲ್ಸಿ. ಏನಾದ್ರೂ ಮಾಡ್ಕೊಳ್ಳಿ," ಎಂದಳು.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಅವನು ಶಿಳ್ಳೆ ಹಾಕುತ್ತಾ ಗಾಡಿಯ ಗಾಜು ಒರೆಸುತ್ತಿದ್ದ.

"ಲೋ, ಆ ದೊಡ್ಡ ಗಾಡಿ ಇದರ ಎರಡರಷ್ಟು ಭಾರ ಕಣೋ. ನ್ಯೂಟ್ರಲಲ್ಲಿ ಬಿಟ್ರೆ ದೇವರೇ ಬಂದ್ರೂ ನಿಲ್ಲಿಸೋಕಾಗಲ್ಲ."

"ನೀವೇ ಕಲಿಸಿದ್ದಲ್ವಾ ಭಾವ?"

"ತಪ್ಪು ಕಲಿಸಿದೆ. ಅವತ್ತು ದಿಬ್ಬಕ್ಕೆ ಗುದ್ದಿದ್ದು ಲೈನಿಂಗ್ ಸವೆದು ಅಲ್ಲ. ನಾನು ನ್ಯೂಟ್ರಲಲ್ಲಿದ್ದೆ."

ಒರೆಸುತ್ತಿದ್ದ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಓಡಿತು.

"ಇನಾಮು ಬಿಟ್ರೆ ನನ್ನ ಮನೆ ಬಾಡಿಗೆ ನೀವು ಕಟ್ತೀರಾ? ಕೊನೇಲಿ ನಿಂತು ನಿಂತು ನಿಮಗೆ ತಲೆ ಕೆಟ್ಟಿದೆ, ಹೋಗಿ ಭಾವ."

ಮೈಯೆಲ್ಲ ಉರಿದುಹೋಯಿತು. ಆದರೆ ಅವನ ಮೇಲಲ್ಲ. ಬಾಡಿಗೆಯ ಮಾತು ನಿಜವೇ ಆಗಿತ್ತು. ನೇರವಾಗಿ ಚಾರ್ಟಪ್ಪನ ರೂಮಿಗೆ ನುಗ್ಗಿದೆ.

"ಸಾರ್, ನಾಳೆ ನನ್ನ ಪಕ್ಕ ಬಂದು ಕೂತ್ಕೊಳ್ಳಿ. ನೀವು ಹೇಳಿದ ಸ್ಪೀಡು, ನೀವು ಹೇಳಿದ ಗೇರು. ನಿಮ್ಮ ಎರಡು ಕಾನೂನನ್ನೂ ಒಟ್ಟಿಗೆ ಗೆದ್ದು ತೋರಿಸಿ. ಗೆದ್ರೆ ನಾನೇ ಕೆಲಸ ಬಿಟ್ಟು ಹೋಗ್ತೀನಿ."

ಹೊರಗೆ ನಿಂತ ಡ್ರೈವರುಗಳೆಲ್ಲ ಕಿವಿ ನಿಮಿರಿಸಿದ್ದರು. ಪಾಪ, ಅವನು ಒಲ್ಲೆ ಎನ್ನುವಂತಿರಲಿಲ್ಲ.

ಶುಕ್ರವಾರ ಒಂದು ನೀರಿನ ಬಾಟಲಿ, ಕೂರಲು ಒಂದು ಪುಟ್ಟ ದಿಂಬು ಹಿಡಿದು ಬಂದ. ಹೆದ್ದಾರಿ ಹತ್ತಿದ ಮೇಲೆ ಕೇಳಿದೆ, "ಎಷ್ಟರಲ್ಲಿ ಹೋಗ್ಲಿ?" ಎಂಬತ್ತು ಎಂದ. ಒಂದು ಗಂಟೆಯಾದ ಮೇಲೆ ಡೀಸೆಲ್ ಮುಳ್ಳು ನೋಡಿ ಅರವತ್ತು ಎಂದ. ಮತ್ತೆ ಗಡಿಯಾರ ನೋಡಿ ಎಂಬತ್ತು ಎಂದ.

"ಸಾರ್, ಇದು ಲಾರಿ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಾರಿಸೋಕೆ ಹಾರ್ಮೋನಿಯಂ ಅಲ್ಲ," ಎಂದೆ. ಅವನು ಬೆವರು ಒರೆಸಿಕೊಂಡ.

ಇಳಿಜಾರಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಲು ಒಂದು ಸಮತಟ್ಟು ಜಾಗವಿದೆ. ಅಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು ಬಂದೆ.

"ಈಗ್ಲೇ ಇಪ್ಪತ್ತು ನಿಮಿಷ ಲೇಟಾಗಿದೆ. ಫಸ್ಟು ಇಲ್ಲಿ ಏನು ಮಾಡ್ತಾನೋ ಅದನ್ನೇ ಮಾಡಿ," ಎಂದ ಚಾರ್ಟಪ್ಪ.

"ಮಾಡ್ತೀನಿ. ನಿಂತಲ್ಲೇ ಮಾಡಿ ತೋರಿಸ್ತೀನಿ." ಎಂಜಿನ್ ಆಫ್ ಮಾಡಿ ಕೀಯನ್ನು ಅವನ ಅಂಗೈಗೆ ಹಾಕಿದೆ. "ಹಿಡ್ಕೊಳ್ಳಿ. ಬ್ರೇಕಿಗೆ ಗಾಳಿ ತುಂಬೋದು ಎಂಜಿನ್ನು. ಈಗ ಎಂಜಿನ್ ಇಲ್ಲ. ಆ ಗಾಳಿ ಮೀಟರಿನ ಮುಳ್ಳು ನೋಡ್ತಾ ಇರಿ. ಹದಿನಾಲ್ಕು ತಿರುವಿದೆ, ತಿರುವಿಗೆ ಎರಡು ಸಲ ಬ್ರೇಕು. ತಿರುವುಗಳನ್ನ ಎಣಿಸಿ."

ಬ್ರೇಕು ಒತ್ತಿದೆ, ಬಿಟ್ಟೆ. ಬುಸ್ಸೆಂದು ಗಾಳಿ ಹೋಯಿತು. ಮತ್ತೆ ಒತ್ತಿದೆ.

"ಒಂದು," ಎಂದ ಅವನು ನಗುತ್ತಾ.

ಮೂರಕ್ಕೆ ನಗು ನಿಂತಿತು. ಐದಕ್ಕೆ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಏಳಕ್ಕೆ ಕೆಂಪು ಗೆರೆ ಮುಟ್ಟಿ, ಅಪಾಯದ ಗಂಟೆ ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳತೊಡಗಿತು. ನಾನು ಒತ್ತುತ್ತಲೇ ಹೋದೆ. ಒಂಬತ್ತಕ್ಕೆ ಬುಸ್ಸೆನ್ನಲು ಗಾಳಿಯೇ ಇರಲಿಲ್ಲ. ಅವನ ಬಾಯಿಂದ ಎಣಿಕೆಯೂ ನಿಂತುಹೋಗಿತ್ತು.

"ಇನ್ನೂ ಐದು ತಿರುವು ಬಾಕಿ ಸಾರ್. ಹೇಳಿ, ನಿಮ್ಮ ಬಾಯಿಂದಲೇ ಹೇಳಿ. ಗೇರಾ, ನ್ಯೂಟ್ರಲಾ?"

"ಗೇರು," ಎಂದ. "ಗೇರಲ್ಲೇ ಇಳಿಸಿ ಡ್ರೈವರೇ."

ಕೀ ವಾಪಸು ಕೊಟ್ಟ. ಗಾಳಿ ಪೂರ್ತಿ ತುಂಬಿದ ಮೇಲೆ ಗೇರಿನಲ್ಲೇ ಇಳಿದೆವು. ಗೇಟು ಮುಟ್ಟಿದಾಗ ಮೂರಕ್ಕೆ ಐದು ನಿಮಿಷ. ಡೀಸೆಲ್ಲೂ ಮೀರಿತ್ತು. ಎರಡೂ ಕಾನೂನು ಒಂದೇ ದಿನ ಮುರಿದಿದ್ದವು, ಮುರಿದವನು ಸ್ವತಃ ಚಾರ್ಟಪ್ಪ.

ದಿನದ ಓಟದ ಲೆಕ್ಕ ಬರೆಯುವ ಟ್ರಿಪ್ ಶೀಟಿನ ಕೆಳಗೆ ನಾನು ಬರೆದೆ: ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಸಬೇಕು, ಅದರಿಂದಾದ ತಡಕ್ಕೂ ಡೀಸೆಲ್ಲಿಗೂ ಕಡಿತವಿಲ್ಲ. "ಸೈನ್ ಹಾಕಿ."

"ಮಾಲೀಕರನ್ನ ಕೇಳದೆ ಹಾಕಿದ್ರೆ ನನ್ನ ಕೆಲಸ ಹೋಗತ್ತೆ."

"ಹತ್ತನೇ ತಿರುವಲ್ಲಿ ನಮಗೆ ಹೋಗೋದು ಬರೀ ಕೆಲಸ ಅಲ್ಲ ಸಾರ್."

ಅವನು ಜೇಬಿನಿಂದ ಪೆನ್ನು ತೆಗೆದ. ಆಮೇಲೆ ಸೈನ್ ಹಾಕಿದ.

ಶನಿವಾರ ಬೆಳಿಗ್ಗೆ ಅವನ ಮೇಜಿನ ಮುಂದೆ ಡ್ರೈವರುಗಳು ಸಾಲು ನಿಂತರು. ನಾನು ಬರೆದ ಆ ಮಾತನ್ನೇ ತಮ್ಮ ಶೀಟಿನಲ್ಲೂ ಬರೆದು, ಸೈನ್ ಹಾಕಿಸಿಕೊಂಡೇ ಗಾಡಿ ತೆಗೆಯುತ್ತೇವೆ ಎಂದು ಒಂಬತ್ತೂ ಜನ ಪಟ್ಟು ಹಿಡಿದರು. ಹತ್ತನೆಯ ಶೀಟು ನನ್ನದು. ಹನ್ನೊಂದನೆಯವನು ಬರಲಿಲ್ಲ.

"ನನಗೆ ಬೇಡ," ಎಂದ ನನ್ನ ಭಾಮೈದ ದೂರದಿಂದಲೇ. "ನಾನು ಫಸ್ಟು. ನಿಮ್ಮ ಗುಂಪಿಗೆ ನನ್ನನ್ನ ಎಳೀಬೇಡಿ."

ಸೋಮವಾರ ನಾನು ಯಾರನ್ನೂ ಕೇಳದೆ ಬೆಳಗಿನ ಐದಕ್ಕೇ ಗಾಡಿ ತೆಗೆದು, ಹನ್ನೆರಡರ ಹೊತ್ತಿಗೆ ಗೋದಾಮಿನಲ್ಲಿ ಸರಕು ಇಳಿಸಿ, ಗೇಟಿನ ಬಳಿ ಕಾದು ನಿಂತೆ. ದೊಡ್ಡ ಗಾಡಿಯ ಮೊದಲ ಟ್ರಿಪ್ಪೆಂದು ಚಾರ್ಟಪ್ಪನೂ ಕಾರಿನಲ್ಲಿ ಬಂದಿದ್ದ. ಎರಡಾಯಿತು. ಎರಡೂ ಕಾಲಾಯಿತು. ಫಸ್ಟು ಒಂದು ದಿನವೂ ಎರಡನ್ನು ದಾಟಿಸಿದವನಲ್ಲ. ತಡವಾದರೆ ಎರಡೇ ಅರ್ಥ. ಗೇರಿನಲ್ಲಿ ಇಳಿಯುತ್ತಿದ್ದಾನೆ, ಇಲ್ಲವೇ ಬಿದ್ದಿದ್ದಾನೆ.

ಹೆಂಡತಿ ಫೋನು ಮಾಡಿದಳು. "ಬಂದ್ನಾ?"

"ಇನ್ನೂ ಇಲ್ಲ."

ಅವಳು ಫೋನು ಇಡಲಿಲ್ಲ. ಅವಳ ಉಸಿರು ಕಿವಿಯಲ್ಲಿ ಕೇಳುತ್ತಲೇ ಇತ್ತು. ಎರಡೂವರೆಯಾಯಿತು, ಮೂರಾಯಿತು. ಅವನಿಗೆ 'ನೋಡೋ, ಹೀಗೆ' ಎಂದು ತೋರಿಸಿದ ಈ ಕೈಯನ್ನು ಕಡಿದುಹಾಕಬೇಕೆನಿಸಿತು.

ಮೂರೂ ಹತ್ತಕ್ಕೆ ರಸ್ತೆಯ ತುದಿಯಲ್ಲಿ ಹದಿನಾರು ಚಕ್ರದ ಗಾಡಿ ಕಾಣಿಸಿತು.

ಗೇಟಿನೊಳಗೆ ನಿಂತದ್ದೇ ಓಡಿಹೋಗಿ ಚಕ್ರದೊಳಗೆ ಕೈ ಹಾಕಿ ಬ್ರೇಕ್ ಡ್ರಮ್ಮು ಮುಟ್ಟಿ ನೋಡಿದೆ. ನ್ಯೂಟ್ರಲಲ್ಲಿ ಇಳಿದಿದ್ದರೆ ಕೈ ಸುಡಬೇಕಿತ್ತು; ಬೆಚ್ಚಗಿತ್ತು, ಅಷ್ಟೇ. ಬಂದ ಕಣೇ ಎಂದು ಫೋನಿನಲ್ಲಿ ಕೂಗಿದೆ. ಅವನು ಕ್ಯಾಬಿನ್ನಿಂದ ಧುಮುಕಿ ದುಮುದುಮು ಎನ್ನುತ್ತಾ ನನ್ನೆದುರು ಬಂದ.

"ಇಳಿಜಾರಿನ ಮೇಲೆ ನಿಲ್ಸಿ ಎಂಜಿನ್ ಆಫ್ ಮಾಡೋಕೆ ಕೀ ಹಿಡಿದೆ. ನಿಮ್ಮ ಹಾಳು ದಿಬ್ಬ ನೆನಪಾಯ್ತು. ಕೈ ತಿರುಗಲಿಲ್ಲ. ಲೇಟು, ಡೀಸೆಲ್ಲೂ ಮೀರ್ತು, ಎಲ್ಲ ಹೋಯ್ತು. ಸಮಾಧಾನ ಆಯ್ತಾ ಭಾವ?"

"ಆಯ್ತು ಕಣೋ," ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ಬರಲಿ ಎಂದು ಬಿಟ್ಟೆ. "ಆದ್ರೆ ಕೊನೇ ಜಾಗ ನನ್ನದು. ನೀನು ಹಿಂದಿನಿಂದ ಎರಡನೆಯವನು."

ಚಾರ್ಟಪ್ಪ ಗಡಿಯಾರ ನೋಡುತ್ತಾ ಹತ್ತಿರ ಬಂದ. "ಒಂದು ಗಂಟೆ ಹತ್ತು ನಿಮಿಷ. ಇವರ ಶೀಟಲ್ಲಿ ನನ್ನ ಸೈನ್ ಇಲ್ಲ. ಕಡಿತ ಆಗತ್ತೆ."

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಭಾಮೈದ ಜೇಬಿನಿಂದ ಮುದುಡಿದ ಶೀಟು ತೆಗೆದು, ಮ್ಯಾನೇಜರನ ಎದೆಯ ಮಟ್ಟಕ್ಕೆ ಹಿಡಿದ. ಕೆಳಗೆ ಆ ಸಾಲನ್ನು ಅವನೇ, ತನ್ನ ಕೈಯಾರೆ, ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದ.

"ಇಲ್ಲದೇ ಇದ್ರೆ ಈಗ ಹಾಕಿ ಸಾರ್. ನಾಳೆ ಬೆಳಿಗ್ಗೆ ಈ ಗಾಡಿ ಹೊರಡಬೇಕಲ್ವಾ?"